ಚಪ್ಪಲಿ ಕಾಯುತ್ತಿದ್ದ ಗಿರಿಜಾ ಮೇಡಂ

ತೆಲುಗು ನಾಡಿನ ಗಾಜುವಾಕದ ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲಿ ಗಿರಿಜಾ ಮೇಡಂ ನಲವತ್ತು ಜೊತೆ ಚಪ್ಪಲಿಗೆ ಕಾವಲು ನಿಂತಿರುತ್ತಿದ್ದರು. ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಲಾಗಿನ್ ಮುಚ್ಚಿದ್ದನ್ನು ಅವರು ಇಣುಕಿ ನೋಡಿ “ಹೂಂ” ಅನ್ನುವವರೆಗೆ ಯಾರೂ ಮೆಟ್ಟುವಂತಿಲ್ಲ.

ಧಾರವಾಡದವರು, ತೆಲುಗನ್ನೂ ಆ ಧಾಟಿಯಲ್ಲೇ ಆಡುತ್ತಿದ್ದರು. ತರಗತಿಯಲ್ಲಿ ಕನ್ನಡದ ಮನೆಯವನು ನಾನೊಬ್ಬನೇ, ಹಾಗಾಗಿ ಲಾಗಿನ್ ಮುಚ್ಚಲು ಮರೆತರೆ ನನಗೆ ಮಾತ್ರ ಬೈಗುಳ ಅಪ್ಪಟ ಕನ್ನಡದಲ್ಲಿ: “ಮನಿ ಬಾಗಲಾ ತೆಗದಿಟ್ಟು ಸಿಂಹಾಚಲದ ಗುಡಿಗೆ ಹೊಂಟೀಯೇನಲೇ? ಕಳ್ಳ ಬಂದು ನಿನ್ನ ಅಂಗಿ ಹಾಕ್ಕೊಂಡು ನಿನ್ನ ಹೆಸರಿಲೇ ತಿರಗತಾನ!”

ಅವರ ಕೆಮ್ಮು, ಜಾರುವ ಕನ್ನಡಕ ಎಲ್ಲವನ್ನೂ ಅಣಕಿಸುತ್ತಿದ್ದೆ. ನನ್ನ ಸ್ವಂತ ದನಿ ಒಡೆದು ಕತ್ತೆಮರಿಯಂತಾಗಿದ್ದ ಕಾಲ. ಅವರ ದನಿ ಮಾತ್ರ ಸಲೀಸಾಗಿ ಬರುತ್ತಿತ್ತು.

ಒಂಬತ್ತನೇ ತರಗತಿಯಲ್ಲೊಂದು ದಿನ ಮುಖ್ಯೋಪಾಧ್ಯಾಯರು ಕರೆದರೆಂದು ಮೇಡಂ ಎದ್ದು ಹೋದರು. ಗಂಟೆ ಹೊಡೆಯಿತು. ನಾನು ಬಾಗಿಲ ಮರೆಯಲ್ಲಿ ನಿಂತು ಅವರ ದನಿಯಲ್ಲಿ, ಅವರದೇ ತೆಲುಗಿನಲ್ಲಿ ಕೂಗಿದೆ: ಎಲ್ಲರೂ ಹೊರಡಿ, ಲಾಗಿನ್ ನಾನೇ ಬಂದ್ ಮಾಡುತ್ತೇನೆ!

ಪಕ್ಕದ ಬೆಂಚಿನ ಲಾವಣ್ಯ ನಂಬಿ, ಲಾಗಿನ್ ತೆರೆದಿಟ್ಟೇ ಓಡಿದಳು. ಮುಂದಿನ ಪೀರಿಯಡ್ಡಿನಲ್ಲಿ ಅಲ್ಲಿ ಕೂತವರು ಯಾರೋ ಅವಳ ಹೆಸರಿನಿಂದ ಇಡೀ ಶಾಲೆಗೆ ಹೊಲಸು ಬರೆದು ಕಳಿಸಿದರು. ಅವಳು ಬರೆದದ್ದಲ್ಲ ಎಂದು ಗೊತ್ತಾದ ಮೇಲೂ ನಗು ನಿಲ್ಲಲಿಲ್ಲ. ವಾರದೊಳಗೆ ಲಾವಣ್ಯ ಶಾಲೆ ಬಿಟ್ಟಳು. “ಲ್ಯಾಬ್ ನನ್ನ ಜವಾಬ್ದಾರಿ” ಎಂದ ಮೇಡಂ ಕೆಲಸ ಕಳೆದುಕೊಂಡು ವಿಜಯವಾಡದ ಅಣ್ಣನ ಮನೆ ಸೇರಿದರು. ಊರವರ ದನಿಯನ್ನೆಲ್ಲ ತೆಗೆಯುವ ನನ್ನ ಬಾಯಿಂದ ನನ್ನದೇ ಒಂದು ಮಾತು ಹೊರಡಲಿಲ್ಲ.

ಹೋದ ವರ್ಷ ಕೆಲಸದ ಮೇಲೆ ವಿಜಯವಾಡಕ್ಕೆ ಹೋದವನು ಅವರನ್ನು ಹುಡುಕಿಕೊಂಡು ಹೋದೆ. ಹಾಸಿಗೆ ಹಿಡಿದಿದ್ದರು.

“ಮೇಡಂ, ಅವತ್ತು ಕೂಗಿದ್ದು...”

“ಗೊತ್ತಿತ್ತಲೇ. ನನ್ನ ದನಿ ತಗಿಯಾಂವ ಬ್ಯಾರೆ ಯಾರಿದ್ರು?”

“ಮತ್ತೆ ಯಾಕೆ ಹೇಳಲಿಲ್ಲ?”

“ಬಾಗಲಾ ಬಿಟ್ಟು ಹೋದಾಕಿ ನಾ.” ಜಾರಿದ ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು. “ಲಾವಣ್ಯಗ ಹೇಳೀಯೇನು?”

“ಇಲ್ಲ ಮೇಡಂ.”

“ಹಂಗಾರ ಇಲ್ಲಿಗ್ಯಾಕ ಬಂದೀ?”

ಹೊರಗೆ ಚಪ್ಪಲಿ ಮೆಟ್ಟುವ ಮುನ್ನ ಹಳೇ ಅಭ್ಯಾಸದಂತೆ ಅವರ “ಹೂಂ”ಗಾಗಿ ಕಾದೆ. ಬರಲಿಲ್ಲ.

ಅದೇ ತಿಂಗಳು ಮೇಡಂ ತೀರಿಕೊಂಡರು. ಲಾವಣ್ಯ ಈಗ ನಮ್ಮೂರ ಹತ್ತಿರದ ಪೆಂದುರ್ತಿಯಲ್ಲಿದ್ದಾಳೆ. ಎರಡು ಸಲ ಅವಳ ಮನೆ ಬಾಗಿಲವರೆಗೆ ಹೋದೆ. ಎರಡು ಸಲವೂ ಚಪ್ಪಲಿ ಬಿಡಲಾಗದೆ ತಿರುಗಿ ಬಂದೆ.