ತೊಟ್ಟಿಲಲ್ಲಿ ಪಂಪು

ನನಗೊಬ್ಬಳು ಸವತಿ ಇದ್ದಳು ಅಂದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಮೈಯೆಲ್ಲ ಮಾಸಲು ಹಸಿರು, ಮುಂದೆ ಮಣ್ಣೆತ್ತುವ ದೊಡ್ಡ ಬಕೆಟ್ಟು, ಹಿಂದೆ ಗುಂಡಿ ತೋಡುವ ಉದ್ದನೆಯ ಕೈ. ಮಿಲ್ಟ್ರಿಯವರು ಸಾಕಾಯಿತೆಂದು ಹರಾಜಿಗಿಟ್ಟ ಯಂತ್ರವನ್ನು ನನ್ನ ಗಂಡ ಬೆಂಗಳೂರಿಗೆ ಹೋಗಿ ಕೂಗಿ ತಂದಿದ್ದರು. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಪಾವಗಡದಿಂದ ಮಧುಗಿರಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನನ್ನನ್ನು ಮನೆ ತುಂಬಿಸಿಕೊಂಡಾಗ ಹೊಸಿಲ ಮೇಲೆ ಒಂದು ಸೇರು ಅಕ್ಕಿ ಇಟ್ಟಿದ್ದರು, ಅಷ್ಟೆ. ಅವಳು ಬಂದಾಗ ಹಿತ್ತಲ ಗೋಡೆಯನ್ನೇ ಒಡೆದು ದಾರಿ ಮಾಡಿಕೊಟ್ಟರು.

ಕೆರೆಯ ಹೂಳು, ಬಾವಿ, ರಸ್ತೆಬದಿಯ ಚರಂಡಿ ಅಂತ ಕೊರಟಗೆರೆಯಿಂದ ಕೊಡಿಗೇನಹಳ್ಳಿವರೆಗೆ ಅಗೆಯುವ ಕೆಲಸ ಇದ್ದಲ್ಲೆಲ್ಲ ಅವಳು ಹೋಗಬೇಕಿತ್ತು. ಹೋಗುತ್ತಿದ್ದದ್ದು ಕಮ್ಮಿ, ಹಿತ್ತಲಲ್ಲಿ ಬಿಚ್ಚಿಸಿಕೊಂಡು ಕೂರುತ್ತಿದ್ದದ್ದೇ ಹೆಚ್ಚು. ಅವಳ ಭಾಗಗಳು ಅಂಗಡಿಯಲ್ಲಿ ಸಿಗುವಂಥವಲ್ಲ. ಒಂದು ಬುಷ್ ಸವೆದರೆ ಸಿರಾದ ಲೇತ್ ಸಾಹೇಬರ ಹತ್ತಿರ ಹೋಗಿ ಕಡೆಸಿಕೊಂಡು ಬರಬೇಕು. ಸಿರಾಕ್ಕೆ ಹೋದವರು ಒಂದು ದಿನ ನನಗೊಂದು ಮೊಳ ಹೂ ತಂದವರಲ್ಲ. ಅವಳಿಗೆ ಬುಷ್ಷು, ವಾಷರ್ರು, ಡಬ್ಬಿಗಟ್ಟಲೆ ಗ್ರೀಸು. ನನ್ನ ಹಳೇ ಸೀರೆಗಳೆಲ್ಲ ಅವಳ ಮೈ ಒರೆಸುವುದಕ್ಕೇ ಹೋದವು.

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ನನ್ನ ಹೊಟ್ಟೆ ಉರಿಸುತ್ತಿದ್ದದ್ದು ಮಾತು. ನನ್ನ ಜೊತೆ ಆ ಮನುಷ್ಯನದು ‘ಹೂಂ’, ‘ಊಹೂಂ’, ‘ಬಾಗ್ಲಾಕ್ಕೋ’, ಇಷ್ಟೇ ಮಾತು. ಅವಳ ಹತ್ತಿರ? ಉದ್ದನೆಯ ತಿರುಪುಳಿಯ ತುದಿಯನ್ನು ಇಂಜಿನ್ನಿಗೆ ಒತ್ತಿ, ಅದರ ಹಿಡಿಗೆ ಕಿವಿ ಇಟ್ಟು, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು: “ಎಲ್ಲವ್ವ ನೋಯ್ತದೆ? ಇಲ್ಲಾ? ಇಲ್ಲೇನವ್ವ?”

ಅಯ್ಯೋ, ಆ ದನಿ! ನಾನು ಆಗ ಬಸುರಿ. ಬೆನ್ನು ಬಿದ್ದುಹೋಗುವಂಥ ನೋವು. ಅಡುಗೆಮನೆ ಕಿಟಕಿಯಲ್ಲಿ ನಿಂತು ಆ ಮಾತು ಕೇಳಿಸಿಕೊಳ್ಳುತ್ತಿದ್ದೆ. ಕಬ್ಬಿಣಕ್ಕೆ ಕೇಳಿದ ಮಾತನ್ನು ಕಟ್ಟಿಕೊಂಡವಳಿಗೆ ಒಂದು ಸಲ ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಎದುರುಮನೆ ಅಜ್ಜಿಗೆ ಇದೆಲ್ಲ ತಮಾಷೆ. “ಏನಮ್ಮ, ನಿನ್ ಸವತಿ ಇವತ್ತು ಎದ್ಲಾ?” ಅನ್ನುತ್ತಿದ್ದಳು.

“ಎಲ್ಲಿ ಎದ್ದಾಳು ಕಣಜ್ಜಿ, ಇನ್ನೂ ಕಾಲು ಒತ್ತಿಸ್ಕೊಂತಾ ಅವ್ಳೆ!”

ಬಾಣಂತನಕ್ಕೆ ಪಾವಗಡಕ್ಕೆ ಹೋದೆ. ಹೆಣ್ಣುಮಗು. ಇವರು ನೋಡಲು ಬಂದರು, ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ “ಎಲ್ಲಾ ಸರಿಯಾಗೈತೆ” ಅಂದರು, ಮುಂದಿನ ಬಸ್ಸಿಗೆ ಹೊರಟರು. “ಮೂರು ತಿಂಗ್ಳು ತುಂಬ್ತಿದ್ದಂಗೆ ನಾನೇ ಬಂದು ಕರ್ಕೊಂಡೋಯ್ತೀನಿ” ಅಂತ ಮಾತ್ರ ಹೇಳಿದರು. ಮೂರು ತಿಂಗಳು ತುಂಬಿತು. ಬರಲಿಲ್ಲ. ನನ್ನಮ್ಮ ದಿನಾ ಬಸ್ಸಿನ ಹೊತ್ತಿಗೆ ಬೀದಿಗೆ ಹೋಗಿ ಅಳಿಯನ ದಾರಿ ನೋಡಿ ಬರುತ್ತಿದ್ದಳು. “ಏಮ್ಮಾ, ಅಲ್ಲುಡು ಇನ್ನೂ ಬರ್ಲಿಲ್ವಲ್ಲ?”

“ಅವ್ಳು ಬಿಟ್ರಲ್ವಾ ಬರಾಕೆ?” ಅಂದೆ. ಕೇರಿಯವರ ಬಾಯಿಗೆ ಸಿಗುವ ಮೊದಲು ಅಮ್ಮನನ್ನು ಕರೆದುಕೊಂಡು ನಾನೇ ಮಗು ಎತ್ತಿಕೊಂಡು ಬಸ್ ಹತ್ತಿದೆ.

ಮನೆ ಹೊಕ್ಕ ತಕ್ಷಣ ಕಣ್ಣಿಗೆ ಬಿದ್ದದ್ದು ತೊಟ್ಟಿಲು. ಬಸುರಿಯಾಗಿದ್ದಾಗ ನಾನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಮಾಡಿಸಿ ನಡುಮನೆಯ ತೊಲೆಗೆ ತೂಗುಹಾಕಿದ್ದರು. ಮೇಲೆ ಮಡಿ ಮಾಡಿದ ಬಿಳೀ ಪಂಚೆ ಹೊದಿಸಿತ್ತು. ಮಗುವಿಗೆ ಧೂಳು ತಾಗದಿರಲೆಂದು ಎಷ್ಟು ಜೋಪಾನ ಮಾಡಿದ್ದಾರಪ್ಪ ಅಂತ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಪಂಚೆ ಎತ್ತಿದೆ. ಒಳಗೆ, ಮಗುವಿಗೆಂದು ನಾನೇ ಹೊಲಿದಿಟ್ಟಿದ್ದ ಮೆತ್ತೆಯ ಮೇಲೆ, ಅವಳ ಎಣ್ಣೆ ಪಂಪು ಮಲಗಿತ್ತು.

“ಥೂ!” ಅಂತ ಕೂಗಿದ್ದಕ್ಕೆ ಮಗು ಬೆಚ್ಚಿ ಅಳತೊಡಗಿತು. ಹಿತ್ತಲಿಂದ ಇವರು ಓಡಿ ಬಂದರು, ಕೈ ತುಂಬ ಮಸಿ.

“ಧೂಳು ಕಣೆ,” ಅಂದರು. “ಒಂದ್ ಚೂರು ಮರಳು ಒಳಕ್ಕೋದ್ರೆ ಪಂಪು ಮುಗೀತು. ಸಿರಾದಿಂದ ಅದರ ಸೀಲು ಬರಾಗಂಟ ಇಡಾಕೆ ಮನೇಲಿ ಚೊಕ್ಕಟವಾಗಿರೋ ಜಾಗ ಅದೊಂದೇ ಇದ್ದಿದ್ದು.”

“ಅದನ್ನೇ ತೂಗ್ಕೊಂಡು ಕೂತ್ಕೊಳ್ಳಿ! ಹಾಲೂ ಕುಡಿಸಿ!”

ಅಮ್ಮ ಮುಖ ತಿರುಗಿಸಿಕೊಂಡಳು, ನಕ್ಕಳೋ ಅತ್ತಳೋ ಗೊತ್ತಿಲ್ಲ. ಇವರು ಪಂಪನ್ನು ಎರಡು ಕೈಯಲ್ಲೂ ತಬ್ಬಿ ಎತ್ತಿಕೊಂಡು ಹೋದರು. ನನ್ನ ಮಗಳನ್ನು ಅಲ್ಲಿಯವರೆಗೆ ಹಾಗೆ ಎತ್ತಿಕೊಂಡವರಲ್ಲ. ನಾನು ತೊಟ್ಟಿಲನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದು ಮಗುವನ್ನು ಮಲಗಿಸಿದೆ. ಎಣ್ಣೆ ವಾಸನೆ ಮಾತ್ರ ಹೋಗಲಿಲ್ಲ. ಅವತ್ತಿನಿಂದ ಅವರ ಜೊತೆ ಮಾತು ಬಿಟ್ಟೆ. ಮೊದಲೇ ಮಾತಿಲ್ಲದ ಮನೆ, ಬಿಟ್ಟದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ.

ಚಳಿಗಾಲ ಬಂತು, ಮಗುವಿಗೆ ಕೆಮ್ಮು ಹತ್ತಿತು. ಒಂದು ಸಂಜೆ ಇವರು ಕೆಲಸ ಅರ್ಧಕ್ಕೇ ಬಿಟ್ಟು ಒಳಗೆ ಬಂದರು. ಕೈ ತೊಳೆದು ಮಗುವನ್ನು ಹೆಗಲಿಗೆ ಹಾಕಿಕೊಂಡರು. ಅದರ ಬೆನ್ನಿಗೆ ಕಿವಿ ಇಟ್ಟು ಕಣ್ಣು ಮುಚ್ಚಿದರು.

“ಎಲ್ಲವ್ವ ನೋಯ್ತದೆ? ಇಲ್ಲಾ? ಇಲ್ಲೇನವ್ವ?”

ಅದೇ ಮಾತು, ಅದೇ ದನಿ. ಹೆತ್ತವಳು ಸಂತೋಷ ಪಡಬೇಕಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಮೊದಲು ಅವಳು, ಈಗ ಇವಳು. ನನ್ನ ಸರದಿ ಯಾವಾಗ? ಒಲೆ ಮುಂದೆ ಕೂತಿದ್ದವಳು ನಾನೂ ಕೆಮ್ಮಿದೆ. ಜೋರಾಗಿ, ಬೇಕಂತಲೇ.

ಅವರು ಕಣ್ಣು ತೆರೆಯಲಿಲ್ಲ. “ಅದು ಸುಳ್ ಕೆಮ್ಮು,” ಅಂದರು.

ಮಾತು ಬಿಟ್ಟಿದ್ದೆ ಅನ್ನುವುದೇ ಮರೆತುಹೋಯಿತು. “ನಿಮ್ಗೇನ್ ಗೊತ್ತು?”

“ನಿನ್ ಕೆಮ್ಮು ನಂಗೊತ್ತಿಲ್ವೇನೆ? ಒಲೆ ಹೊಗೆಗೆ ಒಂದ್ ತರ ಕೆಮ್ತೀಯ, ಥಂಡಿಗೆ ಒಂದ್ ತರ. ನನ್ ಮೇಲೆ ಸಿಟ್ಟಿದ್ರೆ ಕೆಮ್ಮಾಕಿಲ್ಲ, ಪಾತ್ರೆ ಕುಕ್ತೀಯ. ಇದು ಯಾವುದೂ ಅಲ್ಲ.” ಆಮೇಲೆ ಕಣ್ಣು ಬಿಟ್ಟು ನನ್ನ ಕಡೆ ತಿರುಗಿದರು. “ಎಲ್ಲಿ ನೋಯ್ತದೆ?”

ಈ ಮನುಷ್ಯ ಇಷ್ಟು ದಿನವೂ ಹಿತ್ತಲಲ್ಲೇ ಕೂತು ನನ್ನ ಒಲೆ, ನನ್ನ ಪಾತ್ರೆ, ಎಲ್ಲ ಕೇಳಿಸಿಕೊಳ್ಳುತ್ತಿದ್ದರೇ!

“ಬೆನ್ನು,” ಅಂದೆ. “ಬಸ್ರಿಯಾಗಿದ್ದಾಗಿಂದ.”

ಅವರು ಮಗುವನ್ನು ತೊಟ್ಟಿಲಿಗೆ ಹಾಕಿದರು, ಹರಳೆಣ್ಣೆ ಕಾಯಿಸಲು ಒಲೆ ಮುಂದೆ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಕಿಟಕಿಯಾಚೆ ಅವಳು ಅರ್ಧ ಬಿಚ್ಚಿಸಿಕೊಂಡು ಹಾಗೇ ನಿಂತಿದ್ದಳು. ನಿಂತಿರಲಿ ಅಂದುಕೊಂಡೆ.