ಅಜ್ಜಿಯ ರಾಗಿಕಲ್ಲು ಎತ್ತಿಸಿದ ಮಾಗಿ

2004 ಡಿಸೆಂಬರ್ 19, ಭಾನುವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಕೊಳ್ಳೇಗಾಲ.

ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದೆ. ನಿನ್ನೆ ಮಿಲ್ಲಿನಲ್ಲಿ ಬೀಸಿಸಿದ ಹೊಸ ರಾಗಿ. ಮೂಗಿಗೆ ಬಂದದ್ದು ಸೀದ ವಾಸನೆ. ಲೊಕ್ಕನಹಳ್ಳಿಯ ನಮ್ಮ ಮನೆಯಲ್ಲಿ ಕಲ್ಲಿನಂಚಿನಿಂದ ಉದುರುತ್ತಿದ್ದ ಹಿಟ್ಟು ಹೀಗೆ ಸೀಯುತ್ತಿರಲಿಲ್ಲ. ಅಂಗೈಗೆ ಹಿತವಾಗುವಷ್ಟೇ ಬೆಚ್ಚಗಿರುತ್ತಿತ್ತು, ಬಿಸಿಲಿಗೆ ಒಣಗಿದ ಹುಲ್ಲಿನ ವಾಸನೆ ಬರುತ್ತಿತ್ತು. ಸಿಟ್ಟು ಬಂತು. ಎಂಟು ವರ್ಷದಿಂದ ಪ್ರತಿ ಮಾಗಿಯಲ್ಲೂ ಬರುತ್ತಲೇ ಇದೆ.

ಅಪ್ಪನ ತಾಯಿ, ನಮ್ಮ ಅಜ್ಜಿ, ಚಳಿಗಾಲಕ್ಕೆಂದೇ ಒಂದು ಕಟ್ಟಳೆ ಮಾಡಿದ್ದಳು. ಕಾಡಿನ ಕಡೆಯಿಂದ ಇಳಿಯುವ ಚಳಿಗೆ ಕೊಟ್ಟಿಗೆಯ ದನಗಳೂ ಏಳಲು ಬೇಸರಪಡುವ ಹೊತ್ತಿನಲ್ಲಿ, ಯಾರೇ ಆಗಲಿ ಒಲೆಯ ಮುಂದೆ ಕೂರುವ ಮೊದಲು ನಡುಮನೆಯ ಕಲ್ಲಿಗೆ ಐದು ಹಿಡಿ ರಾಗಿ ಹಾಕಿ ಬೀಸಬೇಕು. ಅಪ್ಪನಿಗೂ ವಿನಾಯಿತಿ ಇರಲಿಲ್ಲ. ಒಂದು ಕಾಲು ಚಾಚಿ, ಇನ್ನೊಂದು ಮಡಿಸಿ ಕೂತು, ಗೂಟ ಹಿಡಿದು ಸೊಂಟದಿಂದ ತಿರುಗಿಸಬೇಕು. ಬರೀ ತೋಳಿನಲ್ಲಿ ತಿರುಗಿಸಿದರೆ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು. ಒಂದು ಹಿಡಿಗೆ ನನಗೆ ಇಪ್ಪತ್ತಾರು ಸುತ್ತು ಬೇಕಿತ್ತು, ಅಜ್ಜಿಗೆ ಹದಿನೆಂಟು. ನನ್ನ ನೋಟ್‌ಬುಕ್ಕಿನಲ್ಲಿ ದಿನದಿನದ್ದೂ ಇದೆ. "ಏನಮ್ಮಿ, ಬೀಸೋದ್ಕಿಂತ ಬರಿಯೋದೇ ಜಾಸ್ತಿ ಆಯ್ತಲ್ಲ ನಿಂದು? ಆ ಪುಸ್ತಕನೇ ಮುದ್ದೆ ಮಾಡ್ಕೊಡ್ಲಾ?" ಎಂದು ಅಜ್ಜಿ ನಗುತ್ತಿದ್ದಳು. ನಮ್ಮೆಲ್ಲರದ್ದೂ ಆದಮೇಲೆ ಅವಳು ಇಪ್ಪತ್ತು ಹಿಡಿ ಬೀಸಿ, ಗೋಡೆಗೆ ಕೈಕೊಟ್ಟು ಎದ್ದು, ಬಾವಿಗೆ ಹೊರಡುತ್ತಿದ್ದಳು. "ಚಳೀಲಿ ಸುಮ್ನೆ ಕುಂತ್ರೆ ಮೈ ಎಪ್ಪುಗಟ್ಟೋಯ್ತದೆ ಕಣಮ್ಮಿ" ಎನ್ನುವಳು. ಅವಳ ಮಂಡಿಗಳು ಆಗಲೇ ಊದಿದ್ದವು. ಆದರೂ ಕಲ್ಲಿನ ಮುಂದೆ ಕೂತು ಎದ್ದ ದಿನವೆಲ್ಲ ನಡೆಯುತ್ತಿದ್ದಳು.

1996ರ ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ ಅಜ್ಜೀಪುರದಿಂದ ಬಂದಿದ್ದ ಅತ್ತೆ, ಅಜ್ಜಿಯ ಒಬ್ಬಳೇ ಮಗಳು, ಇದನ್ನು ನೋಡಿದಳು. ಜಗಲಿಯಲ್ಲಿ ಪಕ್ಕದ ಮನೆಯವರು ನಿಂತಿದ್ದರು. ಅವರಿಗೆ ಕೇಳುವಂತೆಯೇ ನಮ್ಮವ್ವನಿಗೆ ಅಂದಳು: "ಏನತ್ಗೆ, ಆಳುದ್ದ ಜನ ಮನೇಲಿದ್ಕಂಡು ನಮ್ಮವ್ವನ ಕೈಲಿ ಬೀಸುಸ್ತೀರಲ್ಲ, ನೋಡ್ದೋರು ಏನಂದಾರು?" ಅಪ್ಪನ ಮುಖ ಕಪ್ಪಾಯಿತು. ಅಂದು ಸಂಜೆಯೇ ಇಬ್ಬರನ್ನು ಕರೆಸಿ ಮೇಲಿನ ಕಲ್ಲನ್ನು ಎತ್ತಿಸಿದ.

"ಅದ್ಯಾಕ್ಲಾ ಎತ್ತುಸ್ತೀಯೆ? ಅದೇ ಕಣ್ಲಾ ನನ್ನ ಎದ್ದು ನಿಲ್ಲುಸ್ತಿರೋದು!"

"ಸಾಕು ಬುಡವ್ವ, ಜೀವಮಾನೆಲ್ಲ ಬೀಸಿದ್ದೀಯೆ. ಇನ್ನಾದ್ರೂ ಸುಖವಾಗಿ ಕುಂತ್ಕೊ."

ಸುಖ! ಅಜ್ಜಿಯನ್ನು ಒಬ್ಬರೂ ಕೇಳಲಿಲ್ಲ. ಜಗಲಿಯವರು ಏನಂದುಕೊಂಡಾರು ಎಂಬುದಕ್ಕೆ ಬೆಲೆಯಿತ್ತು, ಅವಳ ಮಂಡಿ ಏನನ್ನುತ್ತದೆ ಎಂಬುದಕ್ಕಿರಲಿಲ್ಲ. ಕಂಬಳಿ ಹೊದಿಸಿದರು, ಮಂಚದ ಪಕ್ಕ ಕೆಂಡದ ಮಡಕೆ ಇಟ್ಟರು. ಏಳಲು ಹೋದರೆ ಮೂರು ಜನ ಓಡಿ ಬರುತ್ತಿದ್ದರು. ಸುತ್ತುಗಳ ಬದಲು ನಾನು ಅವಳ ಹೆಜ್ಜೆ ಬರೆಯತೊಡಗಿದೆ. ಆ ಫೆಬ್ರವರಿಯಲ್ಲಿ ಬಾವಿಯವರೆಗೆ ನೂರ ನಲವತ್ತು, ನಡುವೆ ಒಮ್ಮೆ ಕೂತು. ಮಳೆಗಾಲಕ್ಕೆ ಕೊಟ್ಟಿಗೆಯವರೆಗೆ ಮೂವತ್ತೆರಡು. ಮುಂದಿನ ಮಾಗಿಗೆ ಬಾಗಿಲ ಚೌಕಟ್ಟು ಹಿಡಿದು ಜಗಲಿಗೆ ಒಂಬತ್ತು. ಅದರ ಮುಂದಿನ ಮಾಗಿಯ ಪುಟಗಳಲ್ಲಿ ತಾರೀಖು ಮಾತ್ರ ಇದೆ. ನಾನೂ ಸಾಚಾ ಅಲ್ಲ. "ಚೊಂಬು ನಾನೇ ತಕತ್ತೀನಿ, ಅಲ್ಲೇ ಮಡಗು" ಎಂದು ಅವಳು ಬೇಡಿದಾಗಲೂ ಓಡಿಹೋಗಿ ಕೈಗೇ ಕೊಟ್ಟಿದ್ದೇನೆ, ಒಳ್ಳೆಯ ಮೊಮ್ಮಗಳು ಅನ್ನಿಸಿಕೊಳ್ಳಲು.

1998ರ ಜನವರಿಯಲ್ಲಿ, ಕೆಂಡದ ಮಡಕೆಯ ಪಕ್ಕದಲ್ಲೇ ಅಜ್ಜಿ ಹೋದಳು. ಬಂದವರೆಲ್ಲ ಅಪ್ಪನ ಕೈ ಹಿಡಿದು ಹೇಳಿದ್ದು ಒಂದೇ: "ಪುಣ್ಯವಂತೆ, ಕೊನೇಗಾಲ್ದಲ್ಲಿ ಒಂದ್ ಉಲ್ಕಡ್ಡಿ ಎತ್ತಲಿಲ್ಲ." ಅಪ್ಪ ತಲೆ ಆಡಿಸಿದ. ಹದಿನೈದು ವರ್ಷದ ನಾನು ಹಿತ್ತಲಿಗೆ ಹೋಗಿ, ಅಂದಿನ ತಾರೀಖಿನ ಕೆಳಗೆ ಆ ಮಾತನ್ನು ಬರೆದು, ಪೆನ್ನಿನ ಮೊನೆ ಮುರಿಯುವಷ್ಟು ಗೀಚಿ ಹಾಕಿದೆ.

ಆ ಮನೆ ಈಗಿಲ್ಲ. ಕೆಡವುವಾಗ ನಡುಮನೆಯಲ್ಲಿ ಕೆಳಗಲ್ಲು ಸಿಕ್ಕಿತು. ಅದು ನನ್ನ ಹತ್ತಿರವಿದೆ. ಮೇಲಿನದನ್ನು ಮಧುವನಹಳ್ಳಿ ಕಡೆಯ ಗಾಡಿಯವರೊಬ್ಬರಿಗೆ ಕೊಟ್ಟೆ ಎಂದಷ್ಟೇ ಅಪ್ಪನಿಗೆ ನೆನಪು. ಆ ಮೇಲ್ಗಲ್ಲಿನ ಅಂಚಿನಲ್ಲಿ ಹುಣಸೆಬೀಜದಷ್ಟು ಚಕ್ಕೆ ಎದ್ದಿದೆ; ಗೂಟದ ತೂತು ಒಂದು ಬದಿಗೆ ಸವೆದಿದೆ. ಇದನ್ನು ಓದುವ ನಿಮ್ಮಲ್ಲಿ ಯಾರ ಹಿತ್ತಲಲ್ಲಾದರೂ ಅಂಥ ಕಲ್ಲಿದ್ದರೆ, ಯಾರಲ್ಲಿದೆ ಎಂದು ಗೊತ್ತಿದ್ದರೂ ಸರಿ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ವಾಪಸ್ಸು ಕೇಳುವುದಿಲ್ಲ. ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿದೆಯೋ, ಅಥವಾ ಈ ಚಳಿಯಲ್ಲಿ ಯಾವುದಾದರೂ ಅಜ್ಜಿ ಅದನ್ನು ತಿರುಗಿಸಿ, ಗೋಡೆಗೆ ಕೈಕೊಟ್ಟು ಎದ್ದು ನಡೆಯುತ್ತಿದ್ದಾಳೋ, ಅಷ್ಟು ಬರೆಯಿರಿ. ನೋಟ್‌ಬುಕ್ಕಿನಲ್ಲಿ ಇವತ್ತಿನ ತಾರೀಖಿನ ಮುಂದೆ ಜಾಗ ಬಿಟ್ಟಿದ್ದೇನೆ.