ಪಡಸಾಲೆಯಲ್ಲೊಂದು ಹಾಳೂರು

ಸ್ಕೈಲ್ಯಾಬ್ ನಮ್ಮ ತಲೆಯ ಮೇಲೇ ಬೀಳುತ್ತದೆ ಎಂದು ನಿಟ್ಟೂರಿಗೆ ನಿಟ್ಟೂರೇ ನಂಬಿದ್ದ ಕಾಲ ಅದು. ಸ್ಕೈಲ್ಯಾಬ್ ಅಂದರೆ ಆಕಾಶದಲ್ಲಿ ಸುತ್ತುತ್ತಿದ್ದ, ಮನೆಯಷ್ಟು ದೊಡ್ಡ ಯಂತ್ರ, ಮಕ್ಕಳೇ. ಹೇಗೂ ಸಾಯುತ್ತೇವಲ್ಲ ಎಂದು ಕೆಲವರು ಸಾಕಿದ ಕೋಳಿಗಳನ್ನೆಲ್ಲ ಕೊಯ್ದು ಉಂಡರು. ಬೀದಿ ತುಂಬ ಮಸಾಲೆಯ ಘಮ. ಕೊನೆಗೆ ಅದು ಎಲ್ಲೋ ದೂರದೇಶದಲ್ಲಿ ಬಿತ್ತು. ನಮ್ಮಣ್ಣ ನಾಗರಾಜನಿಗೆ ಮಾತ್ರ ನಿರಾಸೆ.

"ಇಲ್ಲೇ ಬಿದ್ದಿದ್ರೆ ನಮ್ಮೂರು ಎಂಗಾಗ್ತಿತ್ತೋ! ಮಾಡಣ ಬಾರೇ, ಮೂಗಿ," ಎಂದ. ನಾನು ಮಾತಾಡುತ್ತಿದ್ದದ್ದೇ ಅಪರೂಪ. ಕೈ ಮಾತ್ರ ಚುರುಕು.

ಹಳೆಯ ಹಲಗೆಯೊಂದರ ಮೇಲೆ ಊರು ಎದ್ದಿತು. ಬೆಂಕಿಪೊಟ್ಟಣಗಳನ್ನು ಅರ್ಧ ಹರಿದು, ರಾಗಿ ಗಂಜಿಯಲ್ಲಿ ಅಂಟಿಸಿ, ಒಲೆಯ ಮಸಿ ಬಳಿದೆ. ಸೈಕಲ್ ಕಡ್ಡಿ ಬಗ್ಗಿಸಿದರೆ ಮುರಿದ ರೈಲು ಕಂಬಿ. ಒಡೆದ ಕರಟ ಸ್ಟೇಷನ್ನಿನ ನೀರಿನ ಟ್ಯಾಂಕು. ಮೇಲೆ ಹೆಂಚಿನ ಪುಡಿ ಉದುರಿಸಿದೆ. ಹುಣಸೆಬೀಜ ಅಣ್ಣನ ದಂಡು, ಹೊಂಗೆಬೀಜ ನನ್ನದು. ಕವಡೆ ಬಿದ್ದಷ್ಟು ಬೆರಳಗಲ ನಡೆಸಿ, ಎದುರಿನ ಬೀಜಕ್ಕೆ ಗೋಲಿ ಹೊಡೆಯಬೇಕು. ಗೋಡೆಯ ಹಿಂದೆ ಅಡಗಿದ್ದರೆ ಬಚಾವು.

ಮೂರನೆಯ ದಿನ ಅಜ್ಜಿಯ ಕಣ್ಣಿಗೆ ಬಿತ್ತು.

"ಬಾಳೋ ಮನೇಲಿ ಹಾಳ್ಮನೆ ಕಟ್ಟಿದೀರೇನ್ರೋ! ಅಪಶಕುನ! ತಿಪ್ಪೆಗಾಕ್ತೀನಿ ತಡೀರಿ."

"ಇದು ನಮ್ಮೂರೇ ಕಣಜ್ಜಿ," ಎಂದು ಅಣ್ಣ ಬೆಂಕಿಗೆ ಎಣ್ಣೆ ಸುರಿದ. ಅಜ್ಜಿ ಹಲಗೆ ಎತ್ತಿಯೇಬಿಟ್ಟಳು.

"ಬ್ಯಾಡಜ್ಜಿ, ಒಳಗೆ ಜನ ಅವ್ರೆ!" ಎಂದು ಚೀರಿದೆ.

ಅಜ್ಜಿ ಹಲಗೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಹಾಳೂರೊಳಗೆ ಯಾರಿರ್ತಾರೇ ಪೆದ್ದಿ? ಪ್ಲೇಗ್ ಬಂದಾಗ ನಾನು ನಿನ್ನಷ್ಟಿದ್ದೆ. ಊರೇ ಬುಟ್ಟು ತೋಪಲ್ಲಿ ಗುಡ್ಲು ಹಾಕ್ಕಂಡಿದ್ವಿ."

ಒಂದು ಮನೆಯಿಂದ ಏಳು ಹೊಂಗೆಬೀಜ ಆರಿಸಿ ಹಲಗೆಯ ಅಂಚಿಗೆ ಇಟ್ಟಳು. ಮೇಲೆ ತೆಂಗಿನ ಗರಿಯ ಚೂರು ಮುಚ್ಚಿದಳು. ಮುಂದೆ ಮೂರು ಕಲ್ಲು ಹೂಡಿದಳು.

"ಮೊದ್ಲು ಒಲೆ. ಅಳೋದೆಲ್ಲ ಆಮ್ಯಾಕೆ."

ಆಮೇಲೆ ಬೀಜಗಳನ್ನು ಒಂದೊಂದಾಗಿ ಮನೆಗೆ ವಾಪಸು ತಂದಳು. ನಾಲ್ಕೇ ಬಂದವು.

"ಮಿಕ್ಕ ಮೂರು?" ಎಂದೆ.

ಅಜ್ಜಿ ಅವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಅದಿರ್ಲಿ ಬುಡು. ಕವಡೆ ಕೊಡಿಲ್ಲಿ, ನಾನೂ ಒಂದ್ ಕೈ ನೋಡ್ತೀನಿ."

ಸಂಜೆಯೊಳಗೆ ಅಣ್ಣನ ದಂಡು ಪೂರಾ ಮಕಾಡೆ.

ಶಕುನಕ್ಕೆ ಅಷ್ಟು ಹೆದರುತ್ತಿದ್ದವಳು ಆ ಮಳೆಗಾಲವಿಡೀ ನಮ್ಮ ಹಾಳೂರನ್ನು ಪಡಸಾಲೆಯಲ್ಲಿ ಉಳಿಸಿದಳು, ಸುತ್ತ ಗುಡಿಸಿ ಸಾರಿಸುತ್ತಿದ್ದಳು. ನಾನು ಕೈಯಾರೆ ಮಾಡಿದ್ದನ್ನು ಅಷ್ಟು ಮರ್ಯಾದೆಯಿಂದ ಕಂಡ ಮೊದಲನೆಯವಳು ಅವಳೇ. ಆ ಋಣ ದೊಡ್ಡದು. ಆದರೆ ಆ ಮೂವರು ಯಾರೆಂದು ಮತ್ತೆ ಕೇಳಲು ನನಗೆ ಸಂಕೋಚ. ಇವತ್ತು ಕೇಳೋಣವೆಂದರೆ ಅಜ್ಜಿಯಿಲ್ಲ, ಅಣ್ಣನಿಗೂ ಗೊತ್ತಿಲ್ಲ. ನಮ್ಮವರೇ ಆದ ಮೂವರ ಹೆಸರು ಅವಳ ಸೆರಗಿನಲ್ಲೇ ಹೋಯಿತು.